ಬಾಟಲಿಯೊಳಗಿನ ಲೆಕ್ಕ: ಮನೆಯಲ್ಲಿ ತಯಾರಿಸಿದ ಬಿಯರನ್ನು ಬಾಟಲಿಗೆ ತುಂಬುವ ಕ್ರಮ

ಅಮೆರಿಕ, ಬ್ರಿಟನ್ ಮೊದಲಾದ ರಾಷ್ಟ್ರಗಳಲ್ಲಿ ಸ್ವಂತ ಬಳಕೆಗಾಗಿ ಮನೆಯಲ್ಲಿಯೇ ಬಿಯರ್ ತಯಾರಿಸಿಕೊಳ್ಳುವುದು ಕಾನೂನುಸಮ್ಮತವಾದ ಹವ್ಯಾಸವಾಗಿದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಅವಕಾಶವಿಲ್ಲ. ಆದರೂ ವಾಣಿಜ್ಯ ಕ್ಷೇತ್ರದವರು ಈ ವಿಷಯವನ್ನು ಅರಿತಿರಬೇಕಾದುದಕ್ಕೆ ಎರಡು ಕಾರಣಗಳಿವೆ. ಅಮೆರಿಕದ ಸಣ್ಣ ಬಿಯರ್ ಉದ್ಯಮವು ಹುಟ್ಟಿದ್ದೇ ಈ ಹವ್ಯಾಸದ ಅಡುಗೆಮನೆಗಳಲ್ಲಿ ಎಂಬುದು ಮೊದಲನೆಯದು. ಹುದುಗಿದ ಯಾವುದೇ ಪಾನೀಯವನ್ನು ಬಾಟಲಿಗೆ ತುಂಬಿ ಮುಚ್ಚಳ ಒತ್ತುವವರೆಲ್ಲರೂ ಪಾಲಿಸಬೇಕಾದ ಒಂದು ಲೆಕ್ಕಾಚಾರ ಇದರಲ್ಲಿ ಅಡಗಿದೆ ಎಂಬುದು ಎರಡನೆಯದು. ಆ ಲೆಕ್ಕ ತಪ್ಪಿದಲ್ಲಿ ಆಗುವ ನಷ್ಟ ರುಚಿಯದಷ್ಟೇ ಅಲ್ಲ. ಬಾಟಲಿ ಸಿಡಿದು ಕಣ್ಣು, ಕೈಗಳಿಗೆ ಗಾಯವಾಗುವ ಸಂಭವವೂ ಉಂಟು.

ಕಾನೂನಿನ ಹಿನ್ನೆಲೆ

ಬ್ರಿಟನ್ನಿನಲ್ಲಿ 1880ರಲ್ಲಿ ಮಾಲ್ಟ್ ಮೇಲಿನ ತೆರಿಗೆಯನ್ನು ರದ್ದುಪಡಿಸಿ ಬಿಯರ್ ಮೇಲೆಯೇ ಸುಂಕ ವಿಧಿಸಲಾಯಿತು. ಅಂದಿನಿಂದ ಮನೆಯಲ್ಲಿ ಬಿಯರ್ ತಯಾರಿಸುವವರೂ ಪರವಾನಗಿ ಪಡೆಯಬೇಕಾಯಿತು. ಈ ನಿಬಂಧನೆಯನ್ನು 1963ರಲ್ಲಿ ಅಂದಿನ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅವರು ತೆಗೆದುಹಾಕಿದರು.

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಜಾರಿಯಲ್ಲಿತ್ತು. ನಿಷೇಧ ತೆರವಾದಾಗ ಮನೆಯಲ್ಲಿ ದ್ರಾಕ್ಷಾರಸ ತಯಾರಿಸಲು ಅನುಮತಿ ದೊರೆಯಿತಾದರೂ ಬಿಯರಿಗೆ ದೊರೆಯಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು 1978ರ ಅಕ್ಟೋಬರ್ 14ರಂದು ಸಹಿ ಮಾಡಿದ ಕಾಯ್ದೆಯು ಈ ಲೋಪವನ್ನು ಸರಿಪಡಿಸಿತು. 1979ರ ಫೆಬ್ರುವರಿ 1ರಿಂದ ಅದು ಜಾರಿಗೆ ಬಂದಿತು. ಅದರಂತೆ ಒಬ್ಬ ವಯಸ್ಕರಿರುವ ಕುಟುಂಬವು ವರ್ಷಕ್ಕೆ 100 ಗ್ಯಾಲನ್ (ಸುಮಾರು 379 ಲೀಟರ್), ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಕುಟುಂಬವು 200 ಗ್ಯಾಲನ್ (ಸುಮಾರು 757 ಲೀಟರ್) ಬಿಯರನ್ನು ಸುಂಕವಿಲ್ಲದೆ ತಯಾರಿಸಿಕೊಳ್ಳಬಹುದು. ಆದರೆ ಅದನ್ನು ಮಾರುವಂತಿಲ್ಲ. ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಳ್ಳುವ ಅಧಿಕಾರ ಹೊಂದಿರುವುದರಿಂದ ಅಲಬಾಮ ಮತ್ತು ಮಿಸಿಸಿಪ್ಪಿ ರಾಜ್ಯಗಳಲ್ಲಿ ಈ ಅನುಮತಿ ದೊರೆತದ್ದು 2013ರಲ್ಲಿ.

ಭಾರತದಲ್ಲಿ ಮಾದಕ ಪಾನೀಯಗಳ ತಯಾರಿಕೆ, ಸ್ವಾಧೀನ, ಸಾಗಾಣಿಕೆ ಮತ್ತು ಮಾರಾಟದ ವಿಷಯಗಳು ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 8ನೇ ನಮೂದಾಗಿವೆ. ಸರಕು ಮತ್ತು ಸೇವಾ ತೆರಿಗೆಯು 2017ರಲ್ಲಿ ಜಾರಿಗೆ ಬಂದಾಗಲೂ ಮಾನವ ಸೇವನೆಯ ಮದ್ಯವು ಅದರ ಹೊರಗೇ ಉಳಿಯಿತು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸ್ವಂತ ಬಳಕೆಗೆ ಎಂಬ ಸಮಜಾಯಿಷಿ ಬಿಯರಿನ ವಿಷಯದಲ್ಲಿ ರಕ್ಷಣೆ ನೀಡುವುದಿಲ್ಲ. ಆದ್ದರಿಂದ ಈ ಕೆಳಗೆ ವಿವರಿಸಿರುವ ಕ್ರಮವು ಅನುಮತಿಯಿರುವ ದೇಶಗಳಿಗೆ, ಅಲ್ಲಿ ನೆಲೆಸಿರುವ ನಮ್ಮವರಿಗೆ ಅನ್ವಯಿಸತಕ್ಕದ್ದು.

ಗೋಲಿ ಸೋಡಾಕ್ಕೂ ಇದಕ್ಕೂ ಇರುವ ವ್ಯತ್ಯಾಸ

ಬಾಟಲಿಯಲ್ಲಿನ ಬಿಯರಿನ ನೊರೆಗೆ ಕಾರಣ ಇಂಗಾಲದ ಡೈ ಆಕ್ಸೈಡ್ ಅನಿಲ. ನಮ್ಮ ಗೋಲಿ ಸೋಡಾದಲ್ಲಿ ಇರುವುದೂ ಅದೇ. ಆದರೆ ಸೋಡಾ ತಯಾರಕನು ಸಿಲಿಂಡರಿನಿಂದ ಅನಿಲವನ್ನು ನೀರಿಗೆ ಒತ್ತಡದಲ್ಲಿ ತುಂಬುತ್ತಾನೆ. ಎಷ್ಟು ತುಂಬಿದನೋ ಅಷ್ಟೇ ಇರುತ್ತದೆ. ಅಂಗಡಿಯಲ್ಲಿ ಇಟ್ಟ ಮಾತ್ರಕ್ಕೆ ಅದು ಬೆಳೆಯುವುದಿಲ್ಲ.

ಮನೆಯ ಬಿಯರಿನಲ್ಲಿ ಅನಿಲ ಹೊರಗಿನಿಂದ ಬರುವುದಿಲ್ಲ. ಮೊಳೆಬರಿಸಿ ಒಣಗಿಸಿದ ಬಾರ್ಲಿಯ, ಅಂದರೆ ಮಾಲ್ಟಿನ, ಸಿಹಿ ಕಷಾಯಕ್ಕೆ ಹಾಪ್ಸ್ ಎಂಬ ಕಹಿ ಹೂವನ್ನು ಸೇರಿಸಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಲಾಗುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುಗಡೆ ಮಾಡುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆಯ ಅಂಚಿಗೆ ಉಬ್ಬಿ ಬರುವುದೂ ಇಂಥದೇ ಅನಿಲದಿಂದ. ಹುದುಗುವ ಪಾತ್ರೆಯಲ್ಲಿ ಅನಿಲ ಹೊರಹೋಗಲು ದಾರಿ ಇರುತ್ತದೆ. ಬಾಟಲಿಗೆ ತುಂಬುವಾಗ ಅಳೆದ ಸಕ್ಕರೆಯನ್ನು ಸೇರಿಸಿ ಮುಚ್ಚಳ ಒತ್ತಿದರೆ, ಬಿಯರಿನಲ್ಲಿ ಉಳಿದಿರುವ ಯೀಸ್ಟ್ ಅದನ್ನೂ ತಿನ್ನುತ್ತದೆ. ಈ ಬಾರಿ ಅನಿಲ ಒಳಗೇ ಸಿಕ್ಕಿಕೊಂಡು ಬಿಯರಿನಲ್ಲಿ ಕರಗುತ್ತದೆ. ಸಕ್ಕರೆ ಇರುವವರೆಗೆ ಯೀಸ್ಟ್ ಕೆಲಸ ನಿಲ್ಲಿಸುವುದಿಲ್ಲ, ಒತ್ತಡ ಏರುವುದೂ ನಿಲ್ಲುವುದಿಲ್ಲ. ಆದುದರಿಂದ ಬಾಟಲಿ ಮುಚ್ಚುವ ಮುನ್ನ ಒಳಗೆ ಎಷ್ಟು ಸಕ್ಕರೆ ಇದೆ ಎಂಬುದನ್ನು ಖಚಿತವಾಗಿ ತಿಳಿದಿರಬೇಕು. ಇಡೀ ಕೆಲಸದ ಮರ್ಮ ಇಷ್ಟೇ.

ಮೊದಲ ಹಂತ: ಹಳೆಯ ಖಾತೆಯ ಮುಕ್ತಾಯ

ವರ್ಷದ ಲೆಕ್ಕವನ್ನು ಮುಗಿಸದೆ ಹೊಸ ಪುಸ್ತಕ ತೆರೆಯುವುದು ಹೇಗೆ ಸಲ್ಲದೋ, ಹಾಗೆಯೇ ಮೊದಲ ಹುದುಗುವಿಕೆ ಮುಗಿಯದೆ ಬಾಟಲಿ ತುಂಬುವುದೂ ಸಲ್ಲದು. ಮುಗಿಯಿತೆಂದು ತಿಳಿಯುವ ಸಾಧನ ಹೈಡ್ರೋಮೀಟರ್. ನೀರಿನ ಸಾಂದ್ರತೆಯನ್ನು 1.000 ಎಂದಿಟ್ಟುಕೊಂಡರೆ, ಸಾಧಾರಣ ಬಿಯರಿನ ಸಿಹಿ ಕಷಾಯವು ಆರಂಭದಲ್ಲಿ 1.048 ತೋರಿಸಬಹುದು. ಸಕ್ಕರೆ ಕರಗಿ ಮದ್ಯಸಾರವಾದಂತೆ ಅಂಕಿ ಇಳಿಯುತ್ತ ಹೋಗಿ 1.012ರ ಸುಮಾರಿಗೆ ನಿಲ್ಲುತ್ತದೆ. ಆರಂಭ ಮತ್ತು ಅಂತ್ಯದ ವ್ಯತ್ಯಾಸವಾದ 0.036ನ್ನು 131ರಿಂದ ಗುಣಿಸಿದರೆ ಮದ್ಯಸಾರದ ಪ್ರಮಾಣ ಸುಮಾರು ಶೇ. 4.7 ಎಂದು ದೊರೆಯುತ್ತದೆ.

ಗುಳ್ಳೆಗಳು ನಿಂತುದನ್ನು ಕಂಡು ಹುದುಗುವಿಕೆ ಮುಗಿಯಿತೆಂದು ಭಾವಿಸುವುದು ಸಾಮಾನ್ಯ ತಪ್ಪು. ಚಳಿಯಿಂದ ಯೀಸ್ಟ್ ಅರ್ಧದಲ್ಲಿ ಮಂದವಾಗಿ, ಮುಂದೆ ಬೆಚ್ಚನೆಯ ಕೋಣೆಯಲ್ಲಿ ಮತ್ತೆ ಎಚ್ಚೆತ್ತುಕೊಳ್ಳಬಹುದು. ಎರಡು ಮೂರು ದಿನಗಳ ಅಂತರದಲ್ಲಿ ಎರಡು ಬಾರಿ ಅಳೆದಾಗ ಒಂದೇ ಅಂಕಿ ಬಂದರೆ, ಹಾಗೂ ಆ ಅಂಕಿಯು ಆ ಬಗೆಯ ಬಿಯರಿಗೆ ನಿರೀಕ್ಷಿತ ಮಟ್ಟದಲ್ಲಿದ್ದರೆ ಮಾತ್ರ ಖಾತೆ ಮುಗಿಯಿತೆನ್ನಬಹುದು.

ಎರಡನೆಯ ಹಂತ: ಸಕ್ಕರೆಯ ಪ್ರಮಾಣ

ಬಿಯರಿನಲ್ಲಿ ಕರಗಿರುವ ಅನಿಲವನ್ನು 'ಪಟ್ಟು'ಗಳಲ್ಲಿ ಅಳೆಯುವುದು ರೂಢಿ. ಸಾಮಾನ್ಯ ವಾಯುಭಾರ ಮತ್ತು 0 ಡಿಗ್ರಿ ಉಷ್ಣತೆಯಲ್ಲಿ 2.4 ಲೀಟರ್ ಸ್ಥಳ ಹಿಡಿಯುವಷ್ಟು ಅನಿಲವು ಒಂದು ಲೀಟರ್ ಬಿಯರಿನಲ್ಲಿ ಕರಗಿದ್ದರೆ ಅದು 2.4 ಪಟ್ಟು. ಇಂಗ್ಲಿಷ್ ಏಲ್ ಬಗೆಯ ಬಿಯರಿಗೆ 1.5ರಿಂದ 2.0, ಅಮೆರಿಕದ ಏಲ್‌ಗಳಿಗೆ 2.2ರಿಂದ 2.7, ಜರ್ಮನಿಯ ಗೋಧಿ ಬಿಯರಿಗೆ 3.3ರಿಂದ 4.5 ಪಟ್ಟು ಬಳಕೆಯಲ್ಲಿವೆ. ಕೊನೆಯದಕ್ಕೆ ದಪ್ಪ ಗಾಜಿನ ವಿಶೇಷ ಬಾಟಲಿಗಳೇ ಬೇಕು.

ಇಲ್ಲಿ ಆರಂಭ ಶಿಲ್ಕನ್ನು ಮರೆಯಬಾರದು. ಹುದುಗುವಿಕೆ ಮುಗಿದ ಬಿಯರಿನಲ್ಲಿ ಸ್ವಲ್ಪ ಅನಿಲ ಮೊದಲೇ ಉಳಿದಿರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದು ಸುಮಾರು 0.86 ಪಟ್ಟು, 13 ಡಿಗ್ರಿಯಲ್ಲಿ ಸುಮಾರು 1.09 ಪಟ್ಟು. ಅಮೆರಿಕದ ಹವ್ಯಾಸಿಗಳು ಸಾಮಾನ್ಯವಾಗಿ ಒಮ್ಮೆಗೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ತಯಾರಿಸುತ್ತಾರೆ. ಅದಕ್ಕೆ ಲೆಕ್ಕ ಈ ಕೆಳಗಿನಂತಿದೆ:

ಬೇಕಾದ ಅನಿಲ: 2.40 ಪಟ್ಟು
ಕಳೆಯಿರಿ, ಆರಂಭ ಶಿಲ್ಕು (20 ಡಿಗ್ರಿಯಲ್ಲಿ): 0.86 ಪಟ್ಟು
ಸಕ್ಕರೆಯಿಂದ ಉತ್ಪತ್ತಿಯಾಗಬೇಕಾದದ್ದು: 1.54 ಪಟ್ಟು
ಲೀಟರಿಗೆ ಒಂದು ಪಟ್ಟಿಗೆ ಬೇಕಾದ ಸಕ್ಕರೆ: 3.84 ಗ್ರಾಂ
19 ಲೀಟರಿಗೆ ಒಟ್ಟು ಸಕ್ಕರೆ (1.54 × 3.84 × 19): ಸುಮಾರು 112 ಗ್ರಾಂ

ಇದು ಅಡುಗೆಮನೆಯ ಸಾಮಾನ್ಯ ಸಕ್ಕರೆಯ ಲೆಕ್ಕ. ಮೆಕ್ಕೆಜೋಳದಿಂದ ತೆಗೆದ ಡೆಕ್ಸ್‌ಟ್ರೋಸ್ ಬಳಸಿದಲ್ಲಿ 125ರಿಂದ 130 ಗ್ರಾಂ ಬೇಕಾಗುತ್ತದೆ. ಈ ಸಕ್ಕರೆಯಿಂದ ಮದ್ಯಸಾರವೂ ಶೇ. 0.4ರಷ್ಟು ಏರುತ್ತದೆ.

ಎರಡು ಎಚ್ಚರಿಕೆಗಳು ಅಗತ್ಯ. ಸಕ್ಕರೆಯನ್ನು ಚಮಚ ಅಥವಾ ಲೋಟದಿಂದ ಅಳೆಯದೆ ತಕ್ಕಡಿಯಲ್ಲಿ ತೂಗಬೇಕು. ಹಾಗೂ ಲೆಕ್ಕವನ್ನು ಆರಂಭದ ಪ್ರಮಾಣಕ್ಕೆ ಮಾಡದೆ, ತುಂಬುವ ದಿನ ನಿಜವಾಗಿ ಕೈಯಲ್ಲಿರುವ ಪ್ರಮಾಣಕ್ಕೆ ಮಾಡಬೇಕು. ತಳದ ಗಷ್ಟು ಮತ್ತು ಮಾದರಿಗಾಗಿ ತೆಗೆದದ್ದು ಕಳೆದು 16 ಲೀಟರ್ ಮಾತ್ರ ಉಳಿದಿದ್ದರೆ ಅದೇ 112 ಗ್ರಾಂ ಸಕ್ಕರೆಯಿಂದ ಅನಿಲವು 2.4ರ ಬದಲು ಸುಮಾರು 2.7 ಪಟ್ಟಿಗೆ ಏರುತ್ತದೆ.

ಲೆಕ್ಕ ತಪ್ಪಿದರೆ

ಮೇಲ್ಕಂಡ ಬಿಯರನ್ನು 1.012ಕ್ಕೆ ಇಳಿಯುವ ಮೊದಲೇ, 1.016ರಲ್ಲಿ ಬಾಟಲಿಗೆ ತುಂಬಿದರೆಂದು ಭಾವಿಸೋಣ. ಹೈಡ್ರೋಮೀಟರಿನ ಕೊನೆಯ ಸ್ಥಾನದ ಒಂದೊಂದು ಅಂಕಿಯೂ, ಅಂದರೆ 0.001, ಸುಮಾರು ಅರ್ಧ ಪಟ್ಟು ಅನಿಲಕ್ಕೆ ಸಮ. ನಾಲ್ಕು ಅಂಕಿಗಳಿಂದ ಎರಡು ಪಟ್ಟು ಅಧಿಕ ಅನಿಲ ಉತ್ಪತ್ತಿಯಾಗಿ, ಒಟ್ಟು 2.4ರ ಬದಲು 4.4 ಪಟ್ಟು ಆಗುತ್ತದೆ. ನೋಡಲು ಅಲ್ಪವೆನಿಸುವ ಈ ವ್ಯತ್ಯಾಸದ ಪರಿಣಾಮ ಅಲ್ಪವಲ್ಲ. 20 ಡಿಗ್ರಿಯಲ್ಲಿ 2.4 ಪಟ್ಟು ಅನಿಲವಿರುವ ಬಾಟಲಿಯೊಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 26 ಪೌಂಡ್. ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡಕ್ಕೆ ಇದು ಸಮೀಪ. 4.4 ಪಟ್ಟಿಗೆ ಏರಿದಾಗ ಒತ್ತಡ ಸುಮಾರು 57 ಪೌಂಡ್ ಆಗುತ್ತದೆ. ಸಾಮಾನ್ಯ ಬಿಯರ್ ಬಾಟಲಿಗಳಲ್ಲಿ 3 ಪಟ್ಟು ಮೀರಬಾರದೆಂಬುದು ಅನುಭವಿಗಳ ನಿಯಮ. ಅದನ್ನು ಮೀರಿದಲ್ಲಿ, ಅದರಲ್ಲೂ ಬೇಸಗೆಯ ಸೆಕೆಯಲ್ಲಿ, ಬಾಟಲಿ ಸಿಡಿಯಬಹುದು. ಒಂದು ಸಿಡಿದರೆ ಪಕ್ಕದವುಗಳಿಗೂ ಪೆಟ್ಟು ಬೀಳುತ್ತದೆ. ಹವ್ಯಾಸಿಗಳು ಇವುಗಳನ್ನು 'ಬಾಟಲಿ ಬಾಂಬ್' ಎಂದೇ ಕರೆಯುತ್ತಾರೆ.

ಮೂರನೆಯ ಹಂತ: ಬಾಟಲಿ ಮತ್ತು ಮುಚ್ಚಳ

19 ಲೀಟರ್ ಬಿಯರಿಗೆ 355 ಮಿಲಿಲೀಟರಿನ ಸುಮಾರು 50 ಬಾಟಲಿಗಳು ಬೇಕಾಗುತ್ತವೆ. ಕಂದು ಗಾಜು ಶ್ರೇಷ್ಠ. ಹಸಿರು ಮತ್ತು ಬಿಳಿ ಗಾಜಿನ ಮೂಲಕ ಬೆಳಕು ಹಾದು ಹಾಪ್ಸ್‌ನ ಕಹಿ ಅಂಶವನ್ನು ಕೆಡಿಸಿ ದುರ್ವಾಸನೆ ಉಂಟುಮಾಡುತ್ತದೆ. ತಿರುಪು ಮುಚ್ಚಳದ ಬಾಟಲಿಗಳ ಬಾಯಿಯ ಮೇಲೆ ಒತ್ತುವ ಮುಚ್ಚಳ ಭದ್ರವಾಗಿ ಕೂರುವುದಿಲ್ಲವಾದ್ದರಿಂದ ಅವುಗಳನ್ನು ಬಿಡುವುದು ಲೇಸು. ಬಾಯಿಯ ಅಂಚು ಒಡೆದ, ಮೈಮೇಲೆ ಗೀರು ಬಿದ್ದ ಬಾಟಲಿಗಳನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಬೇಕು.

ಬಳಸುವ ಮುಚ್ಚಳವು ಅಂಚಿನಲ್ಲಿ ಹಲ್ಲುಗಳಿರುವ ಲೋಹದ್ದು. ಬಾಲ್ಟಿಮೋರಿನ ವಿಲಿಯಂ ಪೇಂಟರ್ ಅವರು 1892ರಲ್ಲಿ ಇದಕ್ಕೆ ಹಕ್ಕುಸ್ವಾಮ್ಯ ಪಡೆದರು. ಆಗ 24 ಇದ್ದ ಹಲ್ಲುಗಳು ಇಂದು 21 ಆಗಿವೆ. ಎರಡು ಹಿಡಿಗಳ ಸರಳ ಕೈಯಂತ್ರದಿಂದ ಇದನ್ನು ಮನೆಯಲ್ಲಿಯೇ ಒತ್ತಬಹುದು.

ಬಾಟಲಿಗಳನ್ನು ತೊಳೆಯುವುದು ಬೇರೆ, ಸೂಕ್ಷ್ಮಾಣುರಹಿತಗೊಳಿಸುವುದು ಬೇರೆ. ಮೊದಲು ಬ್ರಷ್ಷಿನಿಂದ ಉಜ್ಜಿ ಒಳಗಿನ ಕೊಳೆ ತೆಗೆಯಬೇಕು. ಕೊಳೆ ಅಂಟಿರುವಲ್ಲಿ ಯಾವ ಔಷಧಿಯೂ ಕೆಲಸ ಮಾಡದು. ಅನಂತರ ಹತ್ತು ಲಕ್ಷಕ್ಕೆ 12.5 ಭಾಗದಷ್ಟು ಅಯೋಡಿನ್ ಇರುವ ದ್ರಾವಣದಲ್ಲಿ ಅಥವಾ ಈ ಕೆಲಸಕ್ಕೆಂದೇ ಮಾರುವ ಆಮ್ಲದ ದ್ರಾವಣದಲ್ಲಿ ಅದ್ದಿ ಬಸಿಯಲು ಬಿಡಬೇಕು. ಬಿಯರ್ ತಾಗುವ ಕೊಳವೆ, ಬಕೆಟ್ಟು, ಮುಚ್ಚಳಗಳಿಗೂ ಇದೇ ಉಪಚಾರ. ಕಾಡು ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ಸೇರಿದರೆ ಹುಳಿಯಾಗುವುದಷ್ಟೇ ಅಲ್ಲ. ಮೂಲ ಯೀಸ್ಟ್ ತಿನ್ನಲಾರದೆ ಬಿಟ್ಟ ಸಕ್ಕರೆಯನ್ನೂ ಅವು ತಿಂದು ಲೆಕ್ಕದಲ್ಲಿಲ್ಲದ ಅನಿಲವನ್ನು ಸೃಷ್ಟಿಸುತ್ತವೆ. ಪುಸ್ತಕಕ್ಕೆ ಏರದ ವ್ಯವಹಾರದಂತೆ ಅದು ಕೊನೆಯಲ್ಲಿ ಪತ್ತೆಯಾಗುತ್ತದೆ.

ನಾಲ್ಕನೆಯ ಹಂತ: ತುಂಬುವ ಕ್ರಮ

1. ತೂಗಿದ ಸಕ್ಕರೆಯನ್ನು ಎರಡು ಲೋಟ ನೀರಿನಲ್ಲಿ ಕರಗಿಸಿ ಐದು ನಿಮಿಷ ಕುದಿಸಿ ಆರಿಸಬೇಕು.

2. ಈ ಪಾಕವನ್ನು ತಳದಲ್ಲಿ ನಲ್ಲಿಯಿರುವ ಶುದ್ಧ ಬಕೆಟ್ಟಿಗೆ ಹಾಕಿ, ಅದರ ಮೇಲೆ ಬಿಯರನ್ನು ಸೈಫನ್ ಕೊಳವೆಯಿಂದ ಇಳಿಸಬೇಕು. ಕೊಳವೆಯ ತುದಿ ತಳದಲ್ಲಿ ಬಳಸಿಕೊಂಡಿದ್ದರೆ ದ್ರವ ಸುತ್ತುತ್ತ ತಾನಾಗಿಯೇ ಬೆರೆಯುತ್ತದೆ. ಚಿಮ್ಮಿಸಿ ಸುರಿಯಬಾರದು, ಗಾಳಿಯ ಆಮ್ಲಜನಕ ಸೇರಿದರೆ ಕೆಲವೇ ವಾರಗಳಲ್ಲಿ ಒದ್ದೆ ಕಾಗದದಂಥ ರುಚಿ ಬರುತ್ತದೆ.

3. ಶುದ್ಧವಾದ ಸೌಟಿನಿಂದ ನಿಧಾನವಾಗಿ ಒಮ್ಮೆ ಕಲಕಬೇಕು. ಪಾಕ ಸಮನಾಗಿ ಬೆರೆಯದಿದ್ದರೆ ಕೆಲವು ಬಾಟಲಿಗಳು ಸಪ್ಪೆಯಾಗಿಯೂ ಕೆಲವು ಅಪಾಯಕಾರಿಯಾಗಿಯೂ ಪರಿಣಮಿಸುತ್ತವೆ. ಒಟ್ಟು ಮೊತ್ತ ಸರಿಯಿದ್ದರೂ ಹಂಚಿಕೆ ತಪ್ಪಿದಂತೆ ಇದು.

4. ತುದಿಯಲ್ಲಿ ಕವಾಟವಿರುವ ಕೊಳವೆಯನ್ನು ಬಾಟಲಿಯ ತಳ ಮುಟ್ಟಿಸಿ, ಬಾಯಿಯವರೆಗೆ ತುಂಬಿ, ಹೊರತೆಗೆಯಬೇಕು. ಕೊಳವೆ ಆಕ್ರಮಿಸಿದ್ದ ಜಾಗ ಖಾಲಿಯಾಗಿ ಸುಮಾರು ಒಂದು ಅಂಗುಲ ಬಿಡುವು ಉಳಿಯುತ್ತದೆ.

5. ಕೂಡಲೇ ಮುಚ್ಚಳ ಒತ್ತಿ, ತಯಾರಿಕೆಯ ಸಂಖ್ಯೆ ಮತ್ತು ದಿನಾಂಕವನ್ನು ಪ್ರತಿ ಬಾಟಲಿಯ ಮೇಲೂ ಬರೆಯಬೇಕು.

6. ಒಂದು ಪಾಲನ್ನು ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬುವುದು ಜಾಣ ಕ್ರಮ. ಅದನ್ನು ಹಿಸುಕಿ ನೋಡಿದರೆ ಒಳಗಿನ ಒತ್ತಡದ ಅಂದಾಜು ಸಿಗುತ್ತದೆ. ಲೆಕ್ಕ ಪರಿಶೋಧನೆಯಲ್ಲಿ ತೆಗೆಯುವ ಮಾದರಿ ಚೀಟಿಯಂತೆ ಇದು ಉಳಿದ 49 ಬಾಟಲಿಗಳ ಸ್ಥಿತಿಯನ್ನು ತಿಳಿಸುತ್ತದೆ.

ತುಂಬಿದ ಬಾಟಲಿಗಳನ್ನು 20ರಿಂದ 24 ಡಿಗ್ರಿ ಉಷ್ಣತೆಯ ಕತ್ತಲೆ ಸ್ಥಳದಲ್ಲಿ, ಮುಚ್ಚಿದ ರಟ್ಟಿನ ಅಥವಾ ಮರದ ಪೆಟ್ಟಿಗೆಯಲ್ಲಿ ಎರಡು ವಾರ ಇಡಬೇಕು. ಅನಂತರ ಒಂದನ್ನು ತಣಿಸಿ ತೆರೆದು ಪರೀಕ್ಷಿಸಬಹುದು. ತಳದಲ್ಲಿ ಕುಳಿತ ಯೀಸ್ಟ್ ಪದರವು ಸಹಜವಾದುದು. ಬಾಟಲಿಯನ್ನು ನಿಧಾನವಾಗಿ ಬಗ್ಗಿಸಿ, ಕೊನೆಯ ಒಂದು ಬೆರಳಷ್ಟನ್ನು ಬಿಟ್ಟು ಸುರಿದುಕೊಂಡರೆ ಸಾಕು. ತೆರೆದೊಡನೆ ನೊರೆ ಉಕ್ಕಿ ಹರಿದರೆ ಅದು ಅಪಾಯದ ಸೂಚನೆ. ಆಗ ಕೈಗವಸು ಮತ್ತು ಕಣ್ಣಿನ ರಕ್ಷಣೆ ಧರಿಸಿ, ಪೆಟ್ಟಿಗೆ ಸಮೇತ ಎಲ್ಲವನ್ನೂ ಶೈತ್ಯದಲ್ಲಿಟ್ಟು ಒತ್ತಡ ಇಳಿದ ಮೇಲೆ ಒಂದೊಂದಾಗಿ ತೆರೆದು ಚೆಲ್ಲುವುದೇ ಸರಿ. ಐವತ್ತು ಬಾಟಲಿಯ ನಷ್ಟ ಬರೆದುಹಾಕಬಹುದಾದದ್ದು. ಕಣ್ಣಿನ ನಷ್ಟ ಅಂಥದಲ್ಲ.

ಹವ್ಯಾಸದಿಂದ ಉದ್ಯಮಕ್ಕೆ

ಅಮೆರಿಕದ ನೌಕಾಪಡೆಯ ಸೇವೆಯಲ್ಲಿ ಸ್ಕಾಟ್ಲೆಂಡಿನಲ್ಲಿದ್ದಾಗ ಮನೆಯ ಬಿಯರ್ ತಯಾರಿಕೆ ಕಲಿತ ಜ್ಯಾಕ್ ಮೆಕಾಲಿಫ್ ಅವರು 1976ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮದಲ್ಲಿ ನ್ಯೂ ಆಲ್ಬಿಯನ್ ಎಂಬ ಸಣ್ಣ ಘಟಕ ತೆರೆದರು. ಬಿಯರಿಗೆ ಹೆಸರು ಬಂದರೂ ಘಟಕದ ಗಾತ್ರ ಲಾಭ ತರುವಷ್ಟಿರಲಿಲ್ಲ. ವಿಸ್ತರಣೆಗೆ ಬಂಡವಾಳ ದೊರೆಯದೆ 1982ರಲ್ಲಿ ಅದು ಮುಚ್ಚಿತು. ಅದೇ ರಾಜ್ಯದ ಚಿಕೋ ಪಟ್ಟಣದಲ್ಲಿ ಹವ್ಯಾಸಿಗಳಿಗೆ ಸಾಮಗ್ರಿ ಮಾರುವ ಅಂಗಡಿ ಇಟ್ಟಿದ್ದ ಕೆನ್ ಗ್ರಾಸ್‌ಮನ್ ಅವರು ಪಾಲುದಾರರೊಂದಿಗೆ ಕಟ್ಟಿದ ಸಿಯೆರಾ ನೆವಾಡ ಸಂಸ್ಥೆ 1980ರಲ್ಲಿ ಬಿಯರ್ ತಯಾರಿಕೆ ಆರಂಭಿಸಿ, ಮುಂದೆ ಆ ದೇಶದ ದೊಡ್ಡ ಸ್ವತಂತ್ರ ತಯಾರಕರಲ್ಲೊಂದಾಯಿತು. ಅದರ ಪ್ರಸಿದ್ಧ ಪೇಲ್ ಏಲ್ ಬಿಯರಿಗೆ ನೊರೆ ಬಂದದ್ದು ಇಲ್ಲಿ ವಿವರಿಸಿದ ಕ್ರಮದಿಂದಲೇ: ಬಾಟಲಿಯೊಳಗೆ ಅಳೆದ ಸಕ್ಕರೆ, ಜೀವಂತ ಯೀಸ್ಟ್.

ನಮ್ಮ ಉದ್ಯಮಿಗಳಿಗೆ ಅನ್ವಯ

ಇತ್ತೀಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ಕೊಂಬುಚ, ಹುದುಗಿಸಿದ ಶುಂಠಿ ಪಾನಕ ಮುಂತಾದವುಗಳನ್ನು ಸಣ್ಣ ಪ್ರಮಾಣದಲ್ಲಿ ಬಾಟಲಿಗೆ ತುಂಬಿ ಮಾರುವ ಘಟಕಗಳು ತಲೆಯೆತ್ತಿವೆ. ಇವರಿಗೂ ಮೇಲಿನ ಲೆಕ್ಕ ಬಿಟ್ಟದ್ದಲ್ಲ. ಅನಿಲದ ಒತ್ತಡದ ಜೊತೆಗೆ ಇವರಿಗೆ ಇನ್ನೊಂದು ಗಡಿಯೂ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿಯ ಪ್ರಕಾರ ಶೇ. 0.5ಕ್ಕಿಂತ ಹೆಚ್ಚು ಮದ್ಯಸಾರವಿರುವ ಪೇಯವು ಮದ್ಯದ ವ್ಯಾಖ್ಯೆಗೆ ಒಳಪಡುತ್ತದೆ. ಒಂದು ಲೀಟರಿನಲ್ಲಿ ಏಳೂವರೆ ಗ್ರಾಂ ಸಕ್ಕರೆ, ಅಂದರೆ ಒಂದೂವರೆ ಚಮಚದಷ್ಟು, ಯೀಸ್ಟಿನಿಂದ ಪೂರ್ತಿಯಾಗಿ ಹುದುಗಿದರೆ ಆ ಗಡಿ ಮುಟ್ಟುತ್ತದೆ. ಕಾರ್ಖಾನೆಯಿಂದ ಹೊರಡುವಾಗ ಗಡಿಯೊಳಗಿದ್ದ ಸಿಹಿ ಪಾನೀಯವು, ಜೀವಂತ ಯೀಸ್ಟ್ ಉಳಿದಿದ್ದಲ್ಲಿ, ಅಂಗಡಿಯ ಬೆಚ್ಚನೆಯ ಕಪಾಟಿನಲ್ಲಿ ಗಡಿ ದಾಟಬಹುದು. ಆಗ ತಯಾರಕನು ಅರಿಯದೆಯೇ ಅಬಕಾರಿ ಕಾನೂನಿನ ಪರಿಧಿಗೆ ಬರುವ ಅಪಾಯವಿದೆ.

ಆದುದರಿಂದ ಹುದುಗುವ ಪಾನೀಯದ ವ್ಯವಹಾರಕ್ಕೆ ಇಳಿಯುವವರು ಪ್ರತಿ ತಯಾರಿಕೆಗೂ ಒಂದು ಪುಟವನ್ನು ಮೀಸಲಿಟ್ಟು, ಆರಂಭದ ಮತ್ತು ಕೊನೆಯ ಸಾಂದ್ರತೆ, ಉಷ್ಣತೆ, ತೂಗಿದ ಸಕ್ಕರೆ, ತುಂಬಿದ ಬಾಟಲಿಗಳ ಸಂಖ್ಯೆ, ಎರಡು ವಾರಗಳ ನಂತರದ ಮಾದರಿಯ ಸ್ಥಿತಿ ಇವಿಷ್ಟನ್ನು ದಿನಾಂಕ ಸಹಿತ ದಾಖಲಿಸುವುದು ಹಿತಕರ. ದೂರು ಬಂದಾಗ ಅಥವಾ ಅಧಿಕಾರಿಗಳ ತಪಾಸಣೆಯ ವೇಳೆ ನೆರವಿಗೆ ಬರುವುದು ಈ ಪುಟವೇ. ಅಂಕಿಗಳು ತಾಳೆಯಾಗದ ದಿನ ಬಾಟಲಿ ತುಂಬದೆ ಇನ್ನೂ ಮೂರು ದಿನ ಕಾಯುವುದರಲ್ಲಿ ನಷ್ಟವೇನೂ ಇಲ್ಲ.